ಅಧಿಕ ರಕ್ತದೊತ್ತಡ: ಹೃದಯದ ಜೀವಕೋಶಗಳೊಳಗೆ ಆಗುವುದೇನು?

“ಮಾತ್ರೆ ಬಿಟ್ಟು ಎರಡು ತಿಂಗಳಾಯಿತು, ಏನೂ ಆಗಲಿಲ್ಲ” ಎಂಬ ಮಾತು ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹಾಗೆ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಅವರಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಹೊಲದ ಕೆಲಸಕ್ಕೂ ಅಡ್ಡಿಯಾಗಿಲ್ಲ. ಅಧಿಕ ರಕ್ತದೊತ್ತಡವುಳ್ಳ ಬಹುತೇಕರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ತೋರದು. ಆದರೆ ಆ ಎರಡು ತಿಂಗಳಲ್ಲಿ ಹೃದಯದ ಸ್ನಾಯುವಿನೊಳಗೂ ಏನೂ ಆಗಲಿಲ್ಲವೆಂದು ಭಾವಿಸುವುದು ತಪ್ಪು. ಅಲ್ಲಿ ಆಗುವುದನ್ನು ಸದಸ್ಯರು ತಿಳಿದಿದ್ದರೆ, ಮಾತ್ರೆ ಬಿಟ್ಟವರೊಡನೆ ಮಾತನಾಡಲು ಕೈಯಲ್ಲಿ ಒಂದು ಕಾರಣವಿರುತ್ತದೆ.

ಹೃದಯವು ನಿಮಿಷಕ್ಕೆ ಸುಮಾರು 70 ಬಾರಿಯಂತೆ ದಿನಕ್ಕೆ ಒಂದು ಲಕ್ಷ ಬಾರಿ ಮಿಡಿದು, ಸುಮಾರು 7,000 ಲೀಟರ್ ರಕ್ತವನ್ನು ಹರಿಸುತ್ತದೆ. ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಅದನ್ನು ನೀರಿನ ಲೆಕ್ಕಕ್ಕೆ ತಂದರೆ 120 ಎಂಬುದು ಸುಮಾರು 1.6 ಮೀಟರ್ ಎತ್ತರಕ್ಕೂ, 180 ಎಂಬುದು ಸುಮಾರು 2.4 ಮೀಟರ್ ಎತ್ತರಕ್ಕೂ ಸಮ. ಅಷ್ಟೇ ನೀರನ್ನು ಒಂದೂವರೆ ಪಟ್ಟು ಎತ್ತರದ ಮೇಲ್ತೊಟ್ಟಿಗೆ ಏರಿಸಬೇಕಾದರೆ ಹೆಚ್ಚಿನ ಅಶ್ವಶಕ್ತಿಯ ಪಂಪು ಬೇಕೆಂಬುದು ಕುಡಿಯುವ ನೀರಿನ ಕಾಮಗಾರಿಗಳನ್ನು ಕಂಡ ಪ್ರತಿಯೊಬ್ಬ ಸದಸ್ಯರಿಗೂ ಗೊತ್ತು. ಪಂಚಾಯತಿಯಾದರೆ ಅಂದಾಜು ಪಟ್ಟಿ ತಯಾರಿಸಿ ಹೊಸ ಪಂಪು ಕೊಳ್ಳಬಹುದು. ಹೃದಯಕ್ಕೆ ಆ ಸೌಲಭ್ಯವಿಲ್ಲ. ಅದು ಇರುವ ಸ್ನಾಯುವನ್ನೇ ದಪ್ಪವಾಗಿಸಿಕೊಳ್ಳುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಹೀಗೆ ದಪ್ಪವಾಗುವುದು ಮೊದಲಿಗೆ ಹೊಂದಾಣಿಕೆಯಂತೆ ಕಂಡರೂ, ಕಾಲಕ್ರಮೇಣ ಗೋಡೆ ಬಿರುಸಾಗಿ, ಸರಿಯಾಗಿ ಸಡಿಲಗೊಳ್ಳದೆ, ಕೊನೆಗೆ ಹೃದಯ ವೈಫಲ್ಯದವರೆಗೂ ಸಾಗಬಹುದು.

ಇದಿಷ್ಟೂ ಹಳೆಯ ತಿಳಿವಳಿಕೆ. ಇತ್ತೀಚಿನ ಸಂಶೋಧನೆಯು ಜೀವಕೋಶದ ಒಳಗೆ ಇಣುಕಿದೆ.

ಸ್ನಾಯು ಸಂಕುಚಿಸುವುದು ಪ್ರೋಟೀನುಗಳ ಕೆಲಸದಿಂದ. ಪ್ರತಿ ಪ್ರೋಟೀನೂ ಒಂದು ಉದ್ದನೆಯ ಸರಪಳಿ. ಅದು ತನಗೆ ನಿಗದಿಯಾದ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ. ತಪ್ಪಾಗಿ ಮಡಚಿಕೊಂಡವು, ಸವೆದು ಹಾಳಾದವು ಒಂದಕ್ಕೊಂದು ಅಂಟಿಕೊಂಡು ಗಂಟುಗಳಾಗುತ್ತವೆ. ಇದನ್ನು ತಪ್ಪಿಸಲು ಪ್ರತಿ ಜೀವಕೋಶದಲ್ಲೂ ಕಸ ವಿಲೇವಾರಿ ವ್ಯವಸ್ಥೆಯಿದೆ. ಹಾಳಾದ ಪ್ರೋಟೀನಿಗೆ ಮೊದಲು ಗುರುತಿನ ಚೀಟಿ ಅಂಟಿಸಲಾಗುತ್ತದೆ. ಬಳಿಕ ಅದನ್ನು ತುಂಡರಿಸಿ, ಬಿಡಿಭಾಗಗಳನ್ನು ಮರುಬಳಕೆಗೆ ಕಳುಹಿಸಲಾಗುತ್ತದೆ. ದೊಡ್ಡ ಗಂಟುಗಳಿದ್ದರೆ ಅವನ್ನು ಚೀಲದಲ್ಲಿ ಸುತ್ತಿ ಕರಗಿಸುವ ಬೇರೊಂದು ಏರ್ಪಾಡಿದೆ. ಹಸಿ ಕಸ, ಒಣ ಕಸ ಬೇರ್ಪಡಿಸುವ ಸ್ವಚ್ಛ ವಾಹಿನಿಯ ವ್ಯವಸ್ಥೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಚರ್ಮದ ಜೀವಕೋಶ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಅದರೊಳಗಿನ ಕಸವೂ ಅದರೊಡನೆ ಹೋಗುತ್ತದೆ. ಹೃದಯದ ಸ್ನಾಯುಕೋಶದ ಸ್ಥಿತಿ ಹಾಗಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಸ್ನಾಯುಕೋಶಗಳು ಮಾತ್ರ ಹೊಸದಾಗಿ ಹುಟ್ಟುತ್ತವೆ. 75ರ ವೇಳೆಗೆ ಈ ಪ್ರಮಾಣ ಅದರ ಅರ್ಧಕ್ಕೂ ಕಡಿಮೆ. ಅರ್ಥಾತ್, ಹುಟ್ಟಿನಿಂದ ಬಂದ ಕೋಶಗಳಲ್ಲಿ ಹೆಚ್ಚಿನವು ಸಾಯುವವರೆಗೂ ದುಡಿಯಬೇಕು. ಅಲ್ಲಿ ಕಸ ಉಳಿದರೆ ಉಳಿದಂತೆಯೇ.

ರಕ್ತದೊತ್ತಡ ಏರಿದಾಗ ಕೋಶವು ಹೆಚ್ಚು ಪ್ರೋಟೀನನ್ನು ಅವಸರದಲ್ಲಿ ತಯಾರಿಸಬೇಕಾಗುತ್ತದೆ, ಇದ್ದವು ಬೇಗ ಹಾಳಾಗುತ್ತವೆ. ವಿಲೇವಾರಿಯ ಮೇಲೆ ಎರಡೂ ಕಡೆಯಿಂದ ಹೊರೆ ಬೀಳುತ್ತದೆ. ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಲಿಗಳ ಮಹಾಪಧಮನಿಯನ್ನು ಕಿರಿದಾಗಿಸಿ ಹೃದಯದ ಮೇಲಿನ ಒತ್ತಡವನ್ನು ಹೆಚ್ಚಿಸಲಾಯಿತು. ಎರಡು ದಿನಗಳೊಳಗೆ ಎಡ ಹೃತ್ಕುಕ್ಷಿಯಲ್ಲಿ ಪ್ರೋಟೀನ್ ಗಂಟುಗಳು ಕಾಣಿಸಿಕೊಂಡವು. ಆರ್ಕನ್ಸಾ ರಾಜ್ಯದ ಸಂಶೋಧಕರ 2016ರ ಅಧ್ಯಯನ ಇನ್ನೂ ಗಮನಾರ್ಹ. ಔಷಧದಿಂದ ರಕ್ತದೊತ್ತಡ ಏರಿಸಿದ ಎಳೆಯ ಇಲಿಗಳ ಹೃದಯದಲ್ಲಿ ಸಂಗ್ರಹವಾದ ಗಂಟುಗಳು, ಸಹಜವಾಗಿ ಮುದಿಯಾದ ಇಲಿಗಳ ಹೃದಯದ ಗಂಟುಗಳನ್ನು ಬಹುಮಟ್ಟಿಗೆ ಹೋಲುತ್ತಿದ್ದವು. ಇವು ಇಲಿಗಳ ಮೇಲಿನ ಪ್ರಯೋಗಗಳೆಂಬುದನ್ನು ಮರೆಯಬಾರದು; ಮನುಷ್ಯರಿಗೆ ಅದೇ ಅಂಕಿ, ಅದೇ ಅವಧಿ ಅನ್ವಯಿಸುವುದಿಲ್ಲ. ಆದರೂ, ಅಧಿಕ ಒತ್ತಡವು ಹೃದಯವನ್ನು ವಯಸ್ಸಿಗೆ ಮುನ್ನವೇ ಮುದಿಯಾಗಿಸುತ್ತದೆಂಬ ವೈದ್ಯರ ಮಾತಿಗೆ ಇಲ್ಲೊಂದು ಆಧಾರ ದೊರೆಯುತ್ತದೆ.

ಪ್ರೋಟೀನ್ ಎಂಬ ಹೆಸರು ಕೇಳಿದೊಡನೆ ಬೇಳೆ, ಕಾಳು, ಮೊಟ್ಟೆಗಳತ್ತ ಬೆರಳು ತೋರುವುದು ಸಲ್ಲದು. ತಿಂದ ಪ್ರೋಟೀನು ಜೀರ್ಣವಾಗಿ ಬಿಡಿಭಾಗಗಳಾಗಿಯೇ ರಕ್ತವನ್ನು ಸೇರುತ್ತದೆ. ಗಂಟಾಗುವುದು ದೇಹವೇ ತಯಾರಿಸಿದ ಪ್ರೋಟೀನು. ಶಾಲೆಯ ಮೊಟ್ಟೆಗೂ ಈ ವಿಷಯಕ್ಕೂ ಸಂಬಂಧವಿಲ್ಲ. ದೂರವಿಡಬೇಕಾದದ್ದು ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಈ ಲೆಕ್ಕದೊಳಗೇ ಸೇರಬೇಕು.

ಇದೇ ಬಗೆಯ ಇನ್ನೊಂದು ರೋಗವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅದರ ಹೆಸರು ಅಮೈಲಾಯ್ಡೋಸಿಸ್. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅಂಗಾಂಶದಲ್ಲಿ ಶೇಖರವಾದ ವಸ್ತುವೊಂದಕ್ಕೆ ಅಯೋಡಿನ್ ಹಾಕಿದಾಗ, ಪಿಷ್ಟಕ್ಕೆ ಹಾಕಿದಂತೆಯೇ ಬಣ್ಣ ಬದಲಾಯಿತು. ಆದುದರಿಂದ ಪಿಷ್ಟದಂಥದ್ದು ಎಂಬರ್ಥದಲ್ಲಿ ಅಮೈಲಾಯ್ಡ್ ಎಂದು ಕರೆದರು. ಅದು ಪಿಷ್ಟವಲ್ಲ, ಪ್ರೋಟೀನೆಂದು ಬಳಿಕ ತಿಳಿದರೂ ಹೆಸರು ಉಳಿಯಿತು. ವೃದ್ಧರಲ್ಲಿ, ಅದರಲ್ಲೂ ಪುರುಷರಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ, ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಬಿಚ್ಚಿಕೊಂಡು ಹೃದಯದ ಕೋಶಗಳ ನಡುವೆ ನಾರಿನಂತೆ ಶೇಖರಗೊಳ್ಳುತ್ತದೆ. ಇದಕ್ಕೆ ರಕ್ತದೊತ್ತಡ ಕಾರಣವಲ್ಲ. ಆದರೆ ಇದರಿಂದಲೂ ಹೃದಯದ ಗೋಡೆ ದಪ್ಪವಾಗುವುದರಿಂದ, ಬಿಪಿಯ ಹೃದಯವೆಂದು ತಪ್ಪಾಗಿ ಎಣಿಸಲ್ಪಡುವ ಸಾಧ್ಯತೆಯಿದೆ.

ವ್ಯತ್ಯಾಸದ ಸುಳಿವೊಂದನ್ನು ಗ್ರಾಮದ ಮಟ್ಟದಲ್ಲಿಯೇ ಗಮನಿಸಬಹುದು. ಬಿಪಿಗಾಗಿ ಹಲವು ವರ್ಷ ಮಾತ್ರೆ ನುಂಗಿದ ಹಿರಿಯರೊಬ್ಬರ ಒತ್ತಡವು ಯಾವ ಬದಲಾವಣೆಯನ್ನೂ ಮಾಡಿಕೊಳ್ಳದಿದ್ದರೂ ತಾನಾಗಿ ಇಳಿಯತೊಡಗಿ, ಎದ್ದು ನಿಂತರೆ ತಲೆ ತಿರುಗಿ, ಪಾದ ಊದಿ, ನಡೆದರೆ ಉಬ್ಬಸ ಬಂದರೆ, “ಬಿಪಿ ವಾಸಿಯಾಯಿತು” ಎಂದು ಮನೆಯವರು ಸಂತೋಷಪಡುವಂತಿಲ್ಲ. ಹಿಂದೆ ಎರಡೂ ಕೈಗಳ ಬೆರಳು ಜೋಮು ಹಿಡಿದು ಮಣಿಕಟ್ಟಿನ ನರಕ್ಕೆ ಚಿಕಿತ್ಸೆಯಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಇಂಥವರನ್ನು ತಡಮಾಡದೆ ಇಸಿಜಿ, ಎಕೋ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸುವುದು ಉಚಿತ. ರೋಗವನ್ನು ನಿಧಾನಗೊಳಿಸುವ ಔಷಧಗಳು ಈಗ ಬಂದಿವೆ. ಅವು ಹೆಚ್ಚು ಫಲ ಕೊಡುವುದು ಬೇಗ ಪತ್ತೆಯಾದಾಗ.

ಹೆಚ್ಚಿನವರ ಸಂಗತಿ ಇಷ್ಟು ಕ್ಲಿಷ್ಟವಲ್ಲ. ಅವರ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದೆ, ಅಮ್ಲೊಡಿಪಿನ್ ಅಥವಾ ಟೆಲ್ಮಿಸಾರ್ಟಾನ್‌ನಂತಹ ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ಮಾತ್ರೆ ನುಂಗುತ್ತಿರುವುದರಿಂದಲೇ ಓದು ಸರಿಯಿದೆ; ಓದು ಸರಿಯಿದೆಯೆಂದು ಮಾತ್ರೆ ಬಿಡುವುದು ಮೋಟಾರ್ ಓಡುತ್ತಿರುವಾಗ ತೊಟ್ಟಿ ತುಂಬಿದೆಯೆಂದು ಮೋಟಾರನ್ನೇ ಕಳಚಿಟ್ಟಂತೆ. ಒತ್ತಡವನ್ನು ನಿರಂತರ ಹತೋಟಿಯಲ್ಲಿಟ್ಟಾಗ ದಪ್ಪವಾದ ಹೃದಯದ ಗೋಡೆ ಕ್ರಮೇಣ ತೆಳುವಾಗುವುದು ರೋಗಿಗಳಲ್ಲಿಯೇ ದೃಢಪಟ್ಟಿದೆ.

ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಆರಂಭವಾಗಿ ನಂತರ ವಿಸ್ತರಣೆಗೊಂಡ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ಮೇಲ್ಪಟ್ಟವರ ತಪಾಸಣೆ ಮನೆ ಬಾಗಿಲಲ್ಲಿಯೇ ನಡೆಯುತ್ತದೆ. ತಂಡ ಬರುವ ಹೊತ್ತಿಗೆ ಕೂಲಿಗೆ, ಹೊಲಕ್ಕೆ ಹೋದವರು ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಇವರಲ್ಲಿ ಗಂಡಸರೇ ಹೆಚ್ಚು. ಭೇಟಿಯ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸುವುದು, ಮುಂಜಾನೆ ಅಥವಾ ಸಂಜೆಯ ವೇಳೆಯನ್ನು ಕೇಳಿ ಪಡೆಯುವುದು ವಾರ್ಡಿನ ಸದಸ್ಯರಿಂದ ಸಾಧ್ಯ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಮಾತ್ರೆಯ ದಾಸ್ತಾನು ಎಷ್ಟು ದಿನಗಳಿಗಿದೆ, ಕಳೆದ ತಿಂಗಳು ಮಾತ್ರೆ ಒಯ್ಯಲು ಬಾರದವರು ಎಷ್ಟು ಮಂದಿ ಎಂಬ ಎರಡು ಪ್ರಶ್ನೆಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪ್ರತಿ ಸಭೆಯಲ್ಲೂ ಕೇಳಿ ನಡಾವಳಿಯಲ್ಲಿ ದಾಖಲಿಸತಕ್ಕದ್ದು. ರೋಗಿಗಳ ಹೆಸರುಗಳನ್ನು ಮಾತ್ರ ಸಭೆಯಲ್ಲಿ ಓದಬಾರದು. ಅವು ಆಶಾ ಕಾರ್ಯಕರ್ತೆಯರ ಮತ್ತು ಸಮುದಾಯ ಆರೋಗ್ಯಾಧಿಕಾರಿಗಳ ಬಳಿಯೇ ಇರಲಿ.

ಗ್ರಾಮ ಪಂಚಾಯತ್ ಆರೋಗ್ಯ ಅಮೃತ ಅಭಿಯಾನದ ಕಿಟ್ ದೊರೆತಿರುವ ಪಂಚಾಯತಿಗಳು ಅದರಲ್ಲಿನ ರಕ್ತದೊತ್ತಡ ಮಾಪಕವನ್ನು ಬೀರುವಿನಿಂದ ಹೊರತೆಗೆದು, ಬ್ಯಾಟರಿ ಬದಲಿಸಿ, ಆರೋಗ್ಯ ಕೇಂದ್ರದ ಮಾಪಕದೊಡನೆ ಹೋಲಿಸಿ ನೋಡುವುದು ಅವಶ್ಯ. ಅಳೆಯುವ ಮುನ್ನ ವ್ಯಕ್ತಿಯು ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕುಳಿತಿರಬೇಕು; ಅರ್ಧ ಗಂಟೆಯೊಳಗೆ ಚಹಾ, ಬೀಡಿ, ತಂಬಾಕು ಸೇವಿಸಿರಬಾರದು; ತೋಳು ಹೃದಯದ ಮಟ್ಟದಲ್ಲಿರಬೇಕು; ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬಾರದು. ಒಂದೆರಡು ನಿಮಿಷ ಬಿಟ್ಟು ಎರಡನೆಯ ಬಾರಿ ಅಳೆದು, ಎರಡೂ ಓದುಗಳನ್ನು ದಿನಾಂಕ ಸಹಿತ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಬೇಕು.