ಮಣ್ಣಿನ ವಿಷ ಹೀರುವ ಭತ್ತ

ಕೆಟ್ಟುಹೋದ ಮಣ್ಣಿಗೆ ಚಿಕಿತ್ಸೆಯೆಂದು ಭತ್ತ ನಾಟಿ ಮಾಡುತ್ತಾರೆಂದರೆ ಓದುಗರಿಗೆ ವಿಚಿತ್ರವೆನಿಸೀತು. ಜಪಾನಿನಲ್ಲಿ ಹಾಗೆ ಮಾಡಿ ನೋಡಿದ್ದಾರೆ. ಅದರ ಹಿಂದೆ ಒಂದು ಭೀಕರ ಕಾಯಿಲೆಯ ಕಥೆಯಿದೆ.

ತೊಯಾಮಾ ಪ್ರಾಂತದಲ್ಲಿ ಹರಿಯುವ ಜಿನ್‌ಜು ನದಿಯ ಮೇಲ್ಭಾಗದಲ್ಲಿ ಕಮಿಯೋಕ ಎಂಬ ಸತುವಿನ ಗಣಿ ಇತ್ತು. ಅಲ್ಲಿಂದ ಹೊರಬಿದ್ದ ಕ್ಯಾಡ್ಮಿಯಂ ಎಂಬ ಭಾರಲೋಹ ನದಿ ನೀರಿನೊಡನೆ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಸೇರಿತು. ಆ ಅನ್ನವನ್ನೇ ವರ್ಷಗಟ್ಟಲೆ ಉಂಡವರಲ್ಲಿ, ಅದರಲ್ಲೂ ಹಲವು ಮಕ್ಕಳನ್ನು ಹೆತ್ತು ನಡುವಯಸ್ಸು ದಾಟಿದ ಹೆಂಗಸರಲ್ಲಿ, ಮೂತ್ರಪಿಂಡಗಳು ಕೆಟ್ಟು ಮೂಳೆಗಳು ಮೆತ್ತಗಾದವು. ಕೆಮ್ಮಿದರೂ ಮೂಳೆ ಮುರಿಯುವ ಸ್ಥಿತಿ. ರೋಗಿಗಳ ನರಳಾಟವೇ ಕಾಯಿಲೆಯ ಹೆಸರಾಯಿತು: 'ಇತಾಯ್ ಇತಾಯ್', ಅಂದರೆ 'ನೋವು, ನೋವು'. ಇದು ಮಾಲಿನ್ಯದಿಂದ ಬಂದ ಕಾಯಿಲೆಯೆಂದು ಜಪಾನ್ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಅಲ್ಲಿನ ಗದ್ದೆಗಳಿಗೆ ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತಂದು ಹರಡಬೇಕಾಯಿತು. 1979ರಲ್ಲಿ ಶುರುವಾದ ಈ ಕೆಲಸ ಮುಗಿದದ್ದು 2012ರಲ್ಲಿ! ಇಂಥ ಖರ್ಚನ್ನು ಎಲ್ಲ ಊರಿಗೂ ಮಾಡಲಾದೀತೇ? ಅಷ್ಟು ತೀವ್ರವಾಗಿ ಕೆಡದ ಗದ್ದೆಗಳಲ್ಲಿ ಗಿಡಗಳಿಂದಲೇ ಲೋಹ ತೆಗೆಸುವ ಯೋಚನೆ ಹೀಗೆ ಬಂತು.

ಭತ್ತಕ್ಕೆ ಕ್ಯಾಡ್ಮಿಯಂ ಬೇಕಿಲ್ಲ. ಮ್ಯಾಂಗನೀಸ್ ಎಂಬ ಪೋಷಕಾಂಶ ಬೇರಿನೊಳಗೆ ಬರುವ ಬಾಗಿಲಿನಿಂದಲೇ ಇದೂ ನುಸುಳುತ್ತದೆ. ಗದ್ದೆಯಲ್ಲಿ ನೀರು ನಿಂತಿರುವಾಗ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ, ಕರಗದೆ ಮಣ್ಣಿನಲ್ಲೇ ಉಳಿಯುತ್ತದೆ. ನೀರು ಬಸಿದು ಮಣ್ಣಿಗೆ ಗಾಳಿಯಾಡಿದರೆ ಕರಗಿ ಬೇರಿಗೆ ಸಿಗುತ್ತದೆ. ಊಟದ ಭತ್ತಕ್ಕೆ ಇದು ಅಪಾಯ. ವಿಜ್ಞಾನಿಗಳು ಇದನ್ನೇ ಉಪಾಯ ಮಾಡಿಕೊಂಡರು. ಹೆಚ್ಚು ಕ್ಯಾಡ್ಮಿಯಂ ಹೀರುವ 'ಚೋಕೋಕೊಕು' ತಳಿಯನ್ನು ನೆಟ್ಟು, ನೀರು ಬಸಿದು, ಎರಡು ವರ್ಷ ಬೆಳೆಸಿದರು. 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮಣ್ಣಿನ ಕ್ಯಾಡ್ಮಿಯಂ ಶೇ. 38ರಷ್ಟು ಇಳಿಯಿತು. ಆಮೇಲೆ ಅದೇ ಗದ್ದೆಯಲ್ಲಿ ಬೆಳೆದ ಊಟದ ಅಕ್ಕಿಯಲ್ಲಿ ಅದರ ಅಂಶ ಶೇ. 47ರಷ್ಟು ಕಡಿಮೆಯಾಗಿತ್ತು.

ಲೋಹ ಮಾಯವಾಯಿತೆಂದು ತಿಳಿಯಬೇಡಿ. ಅದು ಹುಲ್ಲಿಗೆ ವರ್ಗವಾಯಿತು, ಅಷ್ಟೆ. ಆ ಹುಲ್ಲನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರ ಮಾಡುವಂತಿಲ್ಲ. ಹೊಗೆ ಬೂದಿ ಹೊರಬೀಳದಂಥ ಕುಲುಮೆಯಲ್ಲಿ ಸುಡಬೇಕು. ಬೇರು ಇಳಿಯುವ ಆಳದವರೆಗಷ್ಟೇ ಮಣ್ಣು ಶುದ್ಧವಾಗುತ್ತದೆ. ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುವ ಸೀಸದಂಥ ಲೋಹವನ್ನು ಹೀಗೆ ತೆಗೆಯುವುದು ಕಷ್ಟ.

ನಾವು ತಿನ್ನುವ ಗಿಡಗಳೂ ಹೀರುತ್ತವೆ ಎಂಬುದು ಗೃಹಿಣಿಯರು ಗಮನಿಸಬೇಕಾದ ಮಾತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಹೊಲಗಳ ಮಣ್ಣು, ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಚೆನ್ನಾಗಿ ತೊಳೆದು ಬೇಯಿಸಿದರೆ ಸಾಲದೇ? ತೊಳೆದರೆ ಮೇಲಿನ ಮಣ್ಣು, ಧೂಳು ಹೋಗುತ್ತದೆ. ಎಲೆಯೊಳಗೆ ಸೇರಿದ ಲೋಹ ಹೋಗದು. ರೋಗಾಣುವಿನಂತೆ ಲೋಹ ಬೆಂಕಿಗೆ ಸಾಯುವುದಿಲ್ಲ. ಹಾಗೆಂದು ಸೊಪ್ಪು ತಿನ್ನುವುದನ್ನು ಬಿಡಬೇಕಿಲ್ಲ. ಎಲ್ಲಿಂದ ಬಂದದ್ದೆಂದು ಕೇಳಿ ಕೊಳ್ಳಿ, ಒಂದೇ ಕಡೆಯದನ್ನು ದಿನವೂ ತರಬೇಡಿ.

ಹೊಗೆಸೊಪ್ಪಿನ ಗಿಡವಂತೂ ಕ್ಯಾಡ್ಮಿಯಮ್ಮನ್ನು ಎಲೆಯಲ್ಲೇ ಕೂಡಿಡುತ್ತದೆ. ಸಿಗರೇಟು ಸೇದುವವರ ರಕ್ತದಲ್ಲಿ ಅದು ಉಳಿದವರಿಗಿಂತ ಹೆಚ್ಚು. ಒಮ್ಮೆ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು.

ಇನ್ನೊಂದು ವಿಷಯ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದಾಗ ಕರುಳು ಆಹಾರದಿಂದ ಕ್ಯಾಡ್ಮಿಯಮ್ಮನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ರಕ್ತಹೀನತೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಬೇಗ ಆಯಾಸವಾಗುವ, ಮುಖ ಬಿಳಿಚಿಕೊಂಡ ಹೆಂಗಸರು ರಕ್ತ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಹೇಳಿದರೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲಿ.