ವಿರಳ ಲೋಹಗಳ ಬೆಲೆ: ಹತ್ತಿಕಾಳಿನ ದೃಷ್ಟಾಂತದಿಂದ ಒಂದು ವಿವೇಚನೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನೆಲವು ಬಹುಮಟ್ಟಿಗೆ ಧಾರವಾಡ ಶಿಲಾಶ್ರೇಣಿಗೆ ಸೇರಿದುದು. ಇಂಥ ನೆಲದಲ್ಲಿ ಯಾವುದೋ ವಿರಳ ಲೋಹವಿದೆಯೆಂಬ ಮಾತು ಹುಟ್ಟಿದರೆ, ಅದರ ತೂಕವನ್ನು ಪೇಟೆಯ ಧಾರಣೆಯಿಂದ ಗುಣಿಸಿ ಕೋಟಿಗಳ ಲೆಕ್ಕ ಹಾಕುವವರು ಕಡಿಮೆಯಿಲ್ಲ. ಈ ಗುಣಾಕಾರವು ಏಕೆ ಸಲ್ಲದೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಈ ಭಾಗದ ರೈತನು ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯನ್ನು ಒಯ್ದಾಗ ಅಲ್ಲಿ ಕೊಳ್ಳುವವರು ಹಲವರು, ಮಾರುವವರು ಇನ್ನೂ ಹಲವರು. ಟೆಂಡರಿನಲ್ಲಿ ಗೊತ್ತಾದ ಧಾರಣೆ ಅದೇ ದಿನ ಎಲ್ಲರಿಗೂ ತಿಳಿಯುತ್ತದೆ. ತಾಮ್ರ, ಅಲ್ಯೂಮಿನಿಯಂಗಳಿಗೂ ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ ಇಂಥ ಬಹಿರಂಗ ಧಾರಣೆಯುಂಟು. ಗ್ಯಾಲಿಯಮ್ಮಿಗೆ ಅಲ್ಲಿ ಸ್ಥಾನವಿಲ್ಲ. ಉತ್ಪಾದಕನೂ ಗ್ರಾಹಕನೂ ಖಾಸಗಿಯಾಗಿ ಬೆಲೆ ಕುದುರಿಸುತ್ತಾರೆ. ವರದಿಗಾರ ಸಂಸ್ಥೆಗಳು ಅವರನ್ನು ವಿಚಾರಿಸಿ ಒಂದು ಅಂದಾಜನ್ನು ಪ್ರಕಟಿಸುತ್ತವೆ. ಆದಕಾರಣ ನಾವು ಪತ್ರಿಕೆಯಲ್ಲಿ ಓದುವ ಬೆಲೆಯು ಕೆಲವೇ ವ್ಯವಹಾರಗಳ ಸೂಚನೆಯೆಂದು ತಿಳಿಯತಕ್ಕುದು.

ಪೂರೈಕೆಯ ರೀತಿಯೂ ಬೇರೆ. ಜಿನ್ನಿನಲ್ಲಿ ಅರಳೆ ಬೇರ್ಪಟ್ಟಾಗ ಹತ್ತಿಕಾಳು ತಾನಾಗಿ ಉಳಿಯುತ್ತದೆ. ಕಾಳಿನ ಬೆಲೆ ಏರಿತೆಂದು ಯಾವ ರೈತನೂ ಕಾಳಿಗಾಗಿಯೇ ಹತ್ತಿ ಬಿತ್ತುವುದಿಲ್ಲ. ಬಿತ್ತನೆಯು ಮುಖ್ಯವಾಗಿ ಅರಳೆಯ ಧಾರಣೆಯನ್ನು ಅವಲಂಬಿಸಿದೆ. ಗ್ಯಾಲಿಯಂ ಇಂಥದೇ ಉಪೋತ್ಪನ್ನ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಂಥ ಸ್ಥಾವರಗಳಲ್ಲಿ ಬಾಕ್ಸೈಟನ್ನು ಕಾಸ್ಟಿಕ್ ಸೋಡದಲ್ಲಿ ಕರಗಿಸಿ ಅಲ್ಯೂಮಿನಾ ತೆಗೆಯುವಾಗ, ಅದಿರಿನ ಗ್ಯಾಲಿಯಂ ಮತ್ತೆ ಮತ್ತೆ ಬಳಸುವ ದ್ರಾವಣದಲ್ಲಿ ಸಂಚಯವಾಗುತ್ತದೆ. ಪ್ರತ್ಯೇಕ ಉಪಕರಣವಿದ್ದರೆ ಮಾತ್ರ ಅದನ್ನು ಬೇರ್ಪಡಿಸಬಹುದು.

ದೃಷ್ಟಾಂತವು ಒಂದಂಶದಲ್ಲಿ ಸಲ್ಲದು. ಬಿಡಿಸಿದ ಹತ್ತಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾಳೇ ಇರುತ್ತದೆ. ಒಂದು ಟನ್ ಬಾಕ್ಸೈಟಿನಲ್ಲಿ ಗ್ಯಾಲಿಯಂ ಸರಾಸರಿ 50 ಗ್ರಾಂ ಮಾತ್ರ. ಅದರ ಬೆಲೆ ಇಮ್ಮಡಿಯಾದರೂ ಯಾರೂ ಅದಕ್ಕಾಗಿಯೇ ಹೆಚ್ಚು ಬಾಕ್ಸೈಟು ಅಗೆಯರು. 2024ರಲ್ಲಿ ಜಗತ್ತಿನ ಪ್ರಾಥಮಿಕ ಗ್ಯಾಲಿಯಮ್ಮಿನ ಉತ್ಪಾದನೆ ಸುಮಾರು 760 ಟನ್ನು. ಅದರಲ್ಲಿ ಬಹುತೇಕ ಎಲ್ಲವೂ ಚೀನದ್ದು. ಆ ದೇಶವು 2023ರ ಆಗಸ್ಟ್ 1ರಿಂದ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ತರುವಾಯ ಚೀನದೊಳಗಿನ ಬೆಲೆಗಿಂತ ಹೊರಗಿನ ಬೆಲೆ ಬಹಳ ಮೇಲೇರಿತು. ಒಂದೇ ಲೋಹಕ್ಕೆ ಎರಡು ಪೇಟೆಗಳಾದವು.

ಲಿಥಿಯಂ ಉಪೋತ್ಪನ್ನವಲ್ಲ; ಅದಕ್ಕಾಗಿಯೇ ಗಣಿ ತೆರೆಯುವುದುಂಟು. ಆದರೆ ಗಣಿ ಸಿದ್ಧವಾಗಲು ವರ್ಷಗಳು ಬೇಕು. ವಿದ್ಯುತ್ ವಾಹನಗಳ ಬೇಡಿಕೆ ಹಠಾತ್ತನೆ ಏರಿದಾಗ ಚೀನದ ಪೇಟೆಯಲ್ಲಿ ಲಿಥಿಯಂ ಕಾರ್ಬೊನೇಟಿನ ಬೆಲೆ 2022ರ ನವೆಂಬರಿನಲ್ಲಿ ಟನ್ನಿಗೆ ಸುಮಾರು ಆರು ಲಕ್ಷ ಯುವಾನನ್ನು ಮುಟ್ಟಿತು. ಹೊಸ ಗಣಿಗಳ ಮಾಲು ಬಂದೊಡನೆ 2023ರ ಕೊನೆಗೆ ಅದು ಒಂದು ಲಕ್ಷದ ಆಸುಪಾಸಿಗೆ ಕುಸಿಯಿತು. ಒಂದು ವರ್ಷ ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಬಂದರೆ ಮರುವರ್ಷ ಎಲ್ಲರೂ ಅದನ್ನೇ ಹಾಕಿ ಪೇಟೆ ಇಳಿಯುವ ಕ್ರಮಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಕಾಲಾವಧಿ ಮಾತ್ರ ದೀರ್ಘ.

ಪ್ರಮಾಣದ ಅಂದಾಜೂ ಸ್ಥಿರವಲ್ಲ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು 2020ರಲ್ಲಿ ಪ್ರಕಟವಾಗಿತ್ತು. ಅನಂತರ ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿದ ಪ್ರಮಾಣ 1,600 ಟನ್. ಅದೂ ಊಹಿತ ವರ್ಗದ್ದು. ಅಗೆದು ಲಾಭ ಪಡೆಯಬಹುದಾದ ನಿಕ್ಷೇಪವೆಂಬುದು ಅದರ ಮುಂದಿನ ಮಾತು. ಬೆಲೆ ಇಳಿದರೆ ನಿಕ್ಷೇಪವು ಮತ್ತೆ ಬರಿಯ ಕಲ್ಲೇ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಇಂಥ ಅನೇಕ ಖನಿಜಗಳ ರಾಜಧನವು ಮಾರಾಟದ ಬೆಲೆಯ ಶೇಕಡಾವಾರು ಗೊತ್ತಾಗುತ್ತದೆ. ಹರಾಜಿನಲ್ಲಿ ಪಡೆದ ಗಣಿಗುತ್ತಿಗೆಯಾದರೆ ಆ ರಾಜಧನದ ಶೇಕಡಾ 10ರಷ್ಟು ಮೊತ್ತವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆಯಾಗಿ ಸಲ್ಲಿಸಬೇಕು. ಪೇಟೆಗಳೆರಡಿದ್ದರೆ ಯಾವ ಬೆಲೆಯನ್ನು ಆಧಾರವಾಗಿ ಹಿಡಿಯಬೇಕೆಂಬುದರ ಮೇಲೆ ಗಣಿಯಿರುವ ಊರಿನ ಪಾಲು ನಿಲ್ಲುತ್ತದೆ. ಆದ್ದರಿಂದ ನೆಲದಡಿಯ ಲೋಹದ ಸುದ್ದಿ ಬಂದಾಗ ಕೇಳತಕ್ಕ ಪ್ರಶ್ನೆಗಳು ಮೂರು: ಪ್ರಮಾಣವು ಯಾವ ವರ್ಗದ್ದು? ಲೋಹವು ಮುಖ್ಯ ಉತ್ಪನ್ನವೋ ಉಪೋತ್ಪನ್ನವೋ? ಹೇಳುತ್ತಿರುವ ಬೆಲೆ ಯಾವ ಪೇಟೆಯದು, ಯಾವ ವರ್ಷದ್ದು? ಇವಕ್ಕೆ ಉತ್ತರ ದೊರೆಯುವ ಮೊದಲು ಹೊಲದ ಬೆಲೆ ಕಟ್ಟುವುದು ವಿವೇಕವಲ್ಲ.