ಪಿಸ್ತೂಲಿನ ರಚನೆಯಲ್ಲಿ ಹಳತು ಮತ್ತು ಹೊಸತು

ಬಹುಕಾಲ ಬಳಕೆಯಲ್ಲಿರುವ ಯಂತ್ರಕ್ಕೆ ಹೊಸ ಅಂಗಗಳನ್ನು ಸೇರಿಸಿದಾಗ ಅವುಗಳಲ್ಲಿ ಯಾವುದು ನಿಜವಾದ ಸುಧಾರಣೆ, ಯಾವುದು ಬರಿಯ ಅಲಂಕಾರ ಎಂಬುದನ್ನು ವಿವೇಚಿಸುವುದು ಅವಶ್ಯಕ. ಜಾನ್ ಮೋಸೆಸ್ ಬ್ರೌನಿಂಗ್ (೧೮೫೫-೧೯೨೬) ರಚಿಸಿದ ಅರ್ಧಸ್ವಯಂಚಾಲಿತ ಪಿಸ್ತೂಲು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕೆಯ ಸೈನ್ಯವು ಇದನ್ನು ೧೯೧೧ರ ಮಾರ್ಚ್ ೨೯ರಂದು ಅಂಗೀಕರಿಸಿತು. ೧೯೮೫ರಲ್ಲಿ ಬೆರೆಟಾ ಪಿಸ್ತೂಲು ಇದರ ಸ್ಥಾನಕ್ಕೆ ಬಂದಿತಾದರೂ, ಇದರ ತಯಾರಿಕೆ ಇಂದಿಗೂ ನಿಂತಿಲ್ಲ.

ಮೊದಲು ಮೂಲರಚನೆಯನ್ನು ನೋಡೋಣ. ಗುಂಡು ಹಾರುವ ಕ್ಷಣದಲ್ಲಿ ನಳಿಗೆಯೂ ಅದರ ಮೇಲಣ ಸ್ಲೈಡೂ ಪರಸ್ಪರ ಬಿಗಿದುಕೊಂಡು ಒಟ್ಟಾಗಿ ಹಿಂದಕ್ಕೆ ಸರಿಯುತ್ತವೆ. ಗುಂಡು ಹೊರಟುಹೋಗಿ ಒತ್ತಡವಿಳಿದ ಮೇಲೆ ಸಣ್ಣದೊಂದು ಕೊಂಡಿಯು ನಳಿಗೆಯ ಹಿಂತುದಿಯನ್ನು ಕೆಳಕ್ಕೆಳೆದು ಆ ಬಿಗಿತವನ್ನು ಬಿಡಿಸುತ್ತದೆ. ಆಗ ಸ್ಲೈಡು ತಾನೊಂದೇ ಹಿಂದೆ ಸಾಗಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಮರಳುವಾಗ ಮ್ಯಾಗಜೀನಿನಿಂದ ಹೊಸ ತೋಟಾವನ್ನು ನಳಿಗೆಗೆ ತಳ್ಳುತ್ತದೆ. ನಳಿಗೆಯ ಹಿಂತುದಿ ಬಾಗಿ ಬಿಗಿ ಬಿಡುವ ಈ ತತ್ತ್ವವೇ ಇಂದಿನ ಬಹುಪಾಲು ಸೈನಿಕ ಪಿಸ್ತೂಲುಗಳಿಗೂ ಆಧಾರವಾಗಿದೆ.

ಮೊದಲ ಪರಿಷ್ಕಾರ ನಡೆದುದು ೧೯೨೦ರ ದಶಕದಲ್ಲಿ. ಟ್ರಿಗರನ್ನು ಮೊಟಕುಮಾಡಿ ಅದರ ಹಿಂದಣ ಲೋಹವನ್ನು ಸ್ವಲ್ಪ ಕೆತ್ತಿ ತೆಗೆದರು. ಹಿಡಿಯ ಹಿಂಭಾಗಕ್ಕೆ ಉಬ್ಬನ್ನು ಕೊಟ್ಟರು. ಅಂಗೈ ಒತ್ತಿದಲ್ಲದೆ ಟ್ರಿಗರು ಚಲಿಸದಂತೆ ತಡೆಯುವ ಹಿಡಿಯ ರಕ್ಷಕದ ಮೇಲ್ತುದಿಯನ್ನು ಉದ್ದಮಾಡಿದರು. ಇವೆಲ್ಲವೂ ಮಾನವನ ಕೈಗೂ ಯಂತ್ರಕ್ಕೂ ಇರುವ ಹೊಂದಿಕೆಯನ್ನು ಕುರಿತವು. ಯಂತ್ರದ ಮೂಲತತ್ತ್ವವನ್ನು ಮುಟ್ಟಿದವಲ್ಲ.

ಈಚಿನ ಪರಿಷ್ಕಾರಗಳು ಹಲವು. ದೊಡ್ಡ ಗುರಿಮಣಿಗಳಿಂದ ಗುರಿ ಹಿಡಿಯುವುದು ಸುಲಭವಾಯಿತು. ಹಿಡಿಯ ರಕ್ಷಕದ ತುದಿಯನ್ನು ಅಗಲಿಸಿದುದರಿಂದ ಹ್ಯಾಮರು ಕೈಯ ಚರ್ಮವನ್ನು ಕಚ್ಚುವುದು ತಪ್ಪಿತು. ಇವುಗಳ ಉಪಯೋಗ ಸ್ಪಷ್ಟ. ಆದರೆ ಹಿಮ್ಮರಳು ಸ್ಪ್ರಿಂಗಿನೊಳಗೆ ತೂರಿಸುವ ಉದ್ದನೆಯ ಸರಳಿನ ಪ್ರಯೋಜನ ವಿವಾದಾಸ್ಪದ. ಕೆಲವು ಮಾದರಿಗಳಲ್ಲಿ ಅದರಿಂದಾಗಿ ಬಿಚ್ಚುವ ಕೆಲಸಕ್ಕೆ ಪ್ರತ್ಯೇಕ ಉಪಕರಣವೇ ಬೇಕಾಗುತ್ತದೆ. ಮೂಲದಲ್ಲಿದ್ದ ಸರಳತೆ ಇಲ್ಲಿ ನಷ್ಟವಾಗಿದೆ.

ಇವೆಲ್ಲಕ್ಕಿಂತ ಮಹತ್ತ್ವದ ಪ್ರಶ್ನೆ ಪ್ರಾಣರಕ್ಷಣೆಯದು. ತೋಟಾವನ್ನು ಕುಟ್ಟುವ ಫೈರಿಂಗ್ ಪಿನ್ನು ಮೂಲರಚನೆಯಲ್ಲಿ ಕೇವಲ ಒಂದು ಸ್ಪ್ರಿಂಗಿನಿಂದ ಹಿಂದೆ ನಿಂತಿರುತ್ತದೆ. ತೋಟಾ ತುಂಬಿದ ಪಿಸ್ತೂಲು ಬಾಯಿ ಕೆಳಗಾಗಿ ಗಟ್ಟಿನೆಲದ ಮೇಲೆ ಬಿದ್ದರೆ, ಪಿಸ್ತೂಲು ನಿಂತರೂ ಪಿನ್ನು ಜಡತ್ವದಿಂದ ಮುಂದುವರಿದು ಗುಂಡು ಹಾರುವ ಸಂಭವವುಂಟು. ಹಿಡಿಯ ರಕ್ಷಕವು ಟ್ರಿಗರನ್ನು ತಡೆಯುತ್ತದೆಯೇ ಹೊರತು ಪಿನ್ನನ್ನಲ್ಲ. ಆದುದರಿಂದ ಕೋಲ್ಟ್ ಸಂಸ್ಥೆಯು ೧೯೮೩ರಲ್ಲಿ, ಟ್ರಿಗರನ್ನು ಪೂರ್ತಿ ಎಳೆದಲ್ಲದೆ ಪಿನ್ನು ಚಲಿಸದಂತೆ ತಡೆಯುವ ಒಂದು ಅಗುಳಿಯನ್ನು ಅಳವಡಿಸಿತು. ಇದರ ಸನ್ನೆಗಳಿಂದ ಟ್ರಿಗರಿನ ನಯ ಕುಂದುತ್ತದೆಂಬುದು ಸಂಪ್ರದಾಯವಾದಿಗಳ ಆಕ್ಷೇಪ. ಅವರಲ್ಲಿ ಹಲವರು ಹಗುರವಾದ ಟೈಟೇನಿಯಂ ಪಿನ್ನನ್ನೂ ಬಲವಾದ ಸ್ಪ್ರಿಂಗನ್ನೂ ಮೆಚ್ಚುತ್ತಾರೆ. ಪಿನ್ನಿನ ರಾಶಿ ಕಡಮೆಯಾದರೆ ಅದರ ಸಂವೇಗವೂ ಕಡಮೆ; ಅದನ್ನು ತಡೆಯಲು ಸ್ಪ್ರಿಂಗಿಗೆ ಸುಲಭ. ಆದರೂ ಭೇದವೊಂದಿದೆ: ಇದು ಅಪಾಯದ ಸಂಭವವನ್ನು ತಗ್ಗಿಸುತ್ತದೆ, ಅಗುಳಿಯಾದರೋ ಪಿನ್ನಿನ ದಾರಿಯನ್ನೇ ಮುಚ್ಚುತ್ತದೆ.

ಹೀಗೆ ನೋಡಿದರೆ, ಒಂದು ಅಂಗದ ಪ್ರಾಚೀನತೆಯಾಗಲಿ ನವೀನತೆಯಾಗಲಿ ಅದರ ಯೋಗ್ಯತೆಗೆ ಪ್ರಮಾಣವಲ್ಲ. ಅದು ಯಾವ ದೋಷವನ್ನು ಪರಿಹರಿಸುತ್ತದೆ, ಅದಕ್ಕಾಗಿ ಯಾವ ಗುಣವನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬೆರಡನ್ನೂ ತೂಗಿ ನೋಡಬೇಕು. ಟ್ರಿಗರಿನ ನಯವೂ ಒಂದು ಗುಣವೇ. ಆದರೆ ಕೈಜಾರಿದ ಆಯುಧದಿಂದ ಒಂದು ಜೀವ ಹೋಗುವ ಸಂಭವದೆದುರು ಅದರ ತೂಕ ಅಲ್ಪ.